ನಡುವಿನ ಗೇಣು

ನಮ್ಮೂರಿಗೆ ರಸ್ತೆ ಬರುವಾಗ ಗುಡ್ಡವನ್ನು ನಡುವೆ ಸೀಳಿದರು. ಸೀಳಿದ ಮೇಲೆ ರಸ್ತೆಯ ಎರಡೂ ಬದಿಗೆ ಕಲ್ಲಿನ ಗೋಡೆ ಎದ್ದು ನಿಂತಿತು, ಹಾಸಿನ ಮೇಲೆ ಹಾಸು, ಬುಟ್ಟಿಯಲ್ಲಿ ಪೇರಿಸಿಟ್ಟ ಜೋಳದ ರೊಟ್ಟಿಯ ಹಾಗೆ. ಬಲಗಡೆಯ ಗೋಡೆ ಬರೀ ಕಲ್ಲು. ಎಡಗಡೆಯದು ದಿನಕ್ಕೊಂದು ತಾಸು ಮೆತ್ತಗಾಗುತ್ತದೆ. ಇವತ್ತು ಹನ್ನೆರಡಕ್ಕೆ ಆದರೆ ನಾಳೆ ಮುಕ್ಕಾಲು ತಾಸು ತಡ, ನಾಡಿದ್ದು ಇನ್ನೊಂದು ಮುಕ್ಕಾಲು. ಹೀಗೆ ಸರಿಯುತ್ತ ಸರಿಯುತ್ತ ತಿಂಗಳಿಗೊಮ್ಮೆ ಸುತ್ತು ಹಾಕಿ ಮತ್ತೆ ಹನ್ನೆರಡಕ್ಕೇ ಬಂದು ನಿಲ್ಲುತ್ತದೆ. ನಾವು ಅದಕ್ಕೆ ಮೆದುಹೊತ್ತು ಎನ್ನುತ್ತೇವೆ. ಶಾಲೆಯ ಗಂಟೆ, ಹಿಟ್ಟಿನ ಗಿರಣಿ, ಬಸ್ಸು ಎಲ್ಲವೂ ಅದರ ಹಿಂದೆಯೇ ಸರಿಯುತ್ತವೆ. ಒಮ್ಮೆ ಹೊರಗಿನಿಂದ ಬಂದ ಜೋಯಿಸರು ಮೆದುಹೊತ್ತಿಗೇ ಮದುವೆಯ ಮುಹೂರ್ತ ಇಟ್ಟುಕೊಟ್ಟರು. ತಾಳಿ ಕಟ್ಟುವಾಗ ಹಂದರದಲ್ಲಿ ಮದುಮಕ್ಕಳೂ ಜೋಯಿಸರೂ ಬಿಟ್ಟರೆ ಸನಾದಿ ಊದುವವನೊಬ್ಬ ಇದ್ದ, ಅವನೂ ಪರ ಊರಿನವ.

ಹಾಸುಗಳ ಒಳಗೆ ಇರುವುದು ಕಲ್ಲಾಗಿಹೋದ ಜೀವಗಳು. ಚಿಪ್ಪು, ಸುರುಳಿ ಶಂಖ, ಏಡಿ, ಮೀನು. ಸಮುದ್ರದವು ಎನ್ನುತ್ತಾರೆ. ನಮ್ಮಲ್ಲಿ ಸಮುದ್ರ ನೋಡಿದವರು ಇಲ್ಲ. ನನ್ನ ಗಂಡನ ಸೋದರಮಾವ ಒಬ್ಬ ನೋಡಿ ಬಂದಿದ್ದನಂತೆ, ಹೇಗಿತ್ತು ಎಂದು ಕೇಳಿದರೆ ನೀರು ಬಹಳ ಐತಿ ಎಂದಷ್ಟೇ ಹೇಳುತ್ತಿದ್ದ. ಮೆದುಹೊತ್ತಿನಲ್ಲಿ ಕಲ್ಲು ನಾದಿದ ಹಿಟ್ಟಿನ ಹದಕ್ಕೆ ಬಂದರೂ ಒಳಗಿನ ಜೀವ ಗಟ್ಟಿಯಾಗಿಯೇ ಇರುತ್ತದೆ. ಬೆರಳು ಆಡಿಸುತ್ತ ಹೋದರೆ ಒಂದು ಕಡೆ ತಡೆಯುತ್ತದೆ. ಅಲ್ಲಿಂದ ಬಿದಿರಿನ ಸಿಬಿರು, ಚಮಚ, ಹಳೆಯ ಬ್ರಷ್ಷು ಹಿಡಿದು ಸುತ್ತಲಿನದನ್ನು ಬಿಡಿಸಬೇಕು. ಉಳಿ ಸುತ್ತಿಗೆ ಯಾರೂ ಮುಟ್ಟುವುದಿಲ್ಲ. ಹೊರಬಂದದ್ದನ್ನು ಮನೆಯ ಮುಂದಿನ ಕಟ್ಟೆಯ ಮೇಲೆ ಇಡುತ್ತೇವೆ. ಮಾರುವುದಿಲ್ಲ, ಪೂಜಿಸುವುದೂ ಇಲ್ಲ. ಹಾಗಾದರೆ ಯಾಕೆ ತೆಗೆಯುತ್ತೀರಿ ಎಂದು ಹೊರಗಿನವರು ಕೇಳುತ್ತಾರೆ. ಎಮ್ಮೆ ಈಯುವಾಗ ಕರು ಅರ್ಧ ಹೊರಗೆ ಬಂದಿದ್ದರೆ ಯಾಕೆ ಎಳೆಯುತ್ತೀರಿ ಎಂದು ಯಾರಾದರೂ ಕೇಳುತ್ತಾರೆಯೇ. ಬಾಲವೋ ಕಾಲೋ ಕಂಡ ಮೇಲೆ ಪೂರಾ ತೆಗೆಯಬೇಕು. ಅರ್ಧಕ್ಕೆ ಬಿಟ್ಟ ಹೆಂಗಸಿಗೆ ನಮ್ಮಲ್ಲಿ ಊಟ ರುಚಿಸುವುದಿಲ್ಲ.

ಗೋಡೆ ಮಾರಿನ ಲೆಕ್ಕದಲ್ಲಿ ಮನೆಗಳಿಗೆ ಹಂಚಿದೆ. ಎದೆಯನ್ನು ಕಲ್ಲಿಗೆ ಒತ್ತಿ ನಿಂತು ಎರಡೂ ಕೈ ಚಾಚಿದರೆ ಬೆರಳತುದಿಯಿಂದ ಬೆರಳತುದಿಗೆ ಒಂದು ಮಾರು. ಎರಡು ತುದಿಗೂ ಸುಣ್ಣದ ಗೆರೆ ಎಳೆಯುತ್ತಾರೆ. ಅಷ್ಟರೊಳಗೆ ಕಲ್ಲು ಆ ಕೈಗಷ್ಟೇ ಮೆತ್ತಗಾಗುತ್ತದೆ, ಇಲ್ಲವೆ ಆ ಕೈ ಯಾರಿಗೆ ಅಳೆದು ಕೊಟ್ಟಿತೋ ಅವರಿಗೆ. ಪಕ್ಕದವಳ ಮಾರಿಗೆ ಕೈ ಹಚ್ಚಿದರೆ ಮೆದುಹೊತ್ತಿನಲ್ಲೂ ಅದು ಕಲ್ಲೇ. ಒಬ್ಬರದನ್ನು ಒಬ್ಬರು ಇಣುಕಬಾರದೆಂದು ಪ್ರತಿ ಮಾರಿಗೂ ಗೋಣಿತಾಟಿನ ಪರದೆ ಇಳಿಬಿಟ್ಟಿರುತ್ತೇವೆ. ಹೊತ್ತು ಮುಗಿಯುವ ಮೊದಲು ಕೈ ತೆಗೆದುಕೊಳ್ಳಬೇಕು. ಬಡಿಗೇರ ಮಾನಪ್ಪ ಪ್ರಾಯದಲ್ಲಿ ಮಾತಿನ ಭರದಲ್ಲಿ ಎರಡು ಬೆರಳು ಒಳಗೇ ಬಿಟ್ಟು, ಮರುದಿನದ ಮೆದುಹೊತ್ತಿನವರೆಗೆ ಗೋಡೆಗೆ ನಿಂತಿದ್ದ. ಹೆಂಡತಿ ರೊಟ್ಟಿ ಮುರಿದು ಬಾಯಿಗೆ ಇಟ್ಟಳು, ಹಜಾಮ ಅಲ್ಲಿಯೇ ಬಂದು ಗಡ್ಡ ಹೆರೆದ. ಈಗ ಮಾನಪ್ಪನಿಗೆ ಎಪ್ಪತ್ತು ದಾಟಿದೆ. ಗೋಡೆಯ ನ್ಯಾಯ ಹೇಳುವವನು ಅವನೇ, ಸುಣ್ಣದ ಗಡಿಗೆ ಇರುವುದೂ ಅವನ ಮನೆಯಲ್ಲೇ.

ನಮ್ಮ ಅತ್ತೆಗೆ ಪ್ರಾಯದಲ್ಲಿ ಎರಡು ಮಾರು ಗೋಡೆ ಬಂದಿತ್ತು. ಅವಳಿಗೆ ಇಬ್ಬರು ಸೊಸೆಯರು. ಹಿರಿಯಳು ನಾನು, ಕಾಶವ್ವ. ಕಿರಿಯಳು ಬಾಳವ್ವ, ನನಗಿಂತ ಒಂದು ತಲೆ ಎತ್ತರ, ಮಾತು ಕಡಿಮೆ. ಬಾಳವ್ವ ಬಂದ ಮೂರನೆಯ ವರ್ಷ ಅತ್ತೆ ಗೋಡೆಯನ್ನು ಇಬ್ಬರಿಗೂ ಅಳೆದು ಕೊಡುತ್ತೇನೆ ಎಂದಳು. ಅದಕ್ಕೂ ಹಿಂದಿನ ಸುಗ್ಗಿಯಲ್ಲಿ ಅವಳು ಕಣದಲ್ಲಿ ಮೆದೆಯ ಮೇಲಿನಿಂದ ಬಿದ್ದು ಬಲಗೈಯ ಮೊಣಕೈ ಮುರಿದುಕೊಂಡಿದ್ದಳು. ಎಲುಬು ಕೂಡಿತು, ಡೊಂಕಾಗಿ ಕೂಡಿತು. ಕೈ ಪೂರ್ತಿ ಚಾಚಲು ಬರುತ್ತಿರಲಿಲ್ಲ. ಅತ್ತೆ ಮಾತ್ರ ನನ್ನ ಕೈಗೆ ಏನೂ ಆಗಿಲ್ಲ ಎಂದೇ ಸಾಧಿಸುತ್ತಿದ್ದಳು. ಅವಳೆದುರು ಬೇರೆ ಮಾತು ಆಡುವ ಧೈರ್ಯ ಮಾವನಿಗೂ ಇರಲಿಲ್ಲ.

ಅಳೆಯುವ ದಿನ ಸುಣ್ಣದ ಬಟ್ಟಲು ಹಿಡಿದವಳು ನಾನು. ಅತ್ತೆ ಎಡತುದಿಯಿಂದ ನನ್ನ ಮಾರು ಚಾಚಿದಳು, ಬೆರಳು ಮುಟ್ಟಿದಲ್ಲಿ ನಾನು ಗೆರೆ ಎಳೆದೆ. ಆಮೇಲೆ ಬಲತುದಿಗೆ ಹೋಗಿ ಅಲ್ಲಿಂದ ಬಾಳವ್ವನ ಮಾರು ಚಾಚಿದಳು. ಎರಡನೆಯ ಸಲ ಅವಳ ಬೆರಳು ನಾನು ಎಳೆದ ಗೆರೆಯವರೆಗೆ ಬರಬೇಕಿತ್ತು. ಬರಲಿಲ್ಲ. ನಡುವೆ ಒಂದು ಗೇಣು ಉಳಿಯಿತು. ಮಂದಿ ದೂರದಲ್ಲಿದ್ದರು, ಕಂಡದ್ದು ನನಗೊಬ್ಬಳಿಗೇ. ಸರಿ ಐತೇನು ಎಂದು ಅತ್ತೆ ಗೋಡೆಗೆ ಕೆನ್ನೆ ಒತ್ತಿಕೊಂಡೇ ಕೇಳಿದಳು. ಸರಿ ಐತ್ರಿ ಎಂದೆ. ಎರಡನೆಯ ಗೆರೆ ಎಳೆಯಲೇ ಇಲ್ಲ. ನೋಡಿದವರಿಗೆ ಒಂದೇ ಗೆರೆ, ಆಚೆಯದೆಲ್ಲ ಬಾಳವ್ವನದು. ಒಂದು ಗೇಣು ಹೆಚ್ಚೇ ಹೋಯಿತಲ್ಲ, ಅವಳಿಗೆ ನಷ್ಟವೇನು ಎಂದು ನನಗೆ ನಾನೇ ಹೇಳಿಕೊಂಡೆ.

ನಷ್ಟ ಆದದ್ದು ಮರುದಿನ. ಬಾಳವ್ವ ತನ್ನ ಮಾರಿನಲ್ಲಿ ಗೆರೆಯ ಪಕ್ಕದಿಂದ ಕೈ ಹಚ್ಚಿದಳು. ಸುತ್ತಲೂ ಕಿರಿಸೊಸೆಯ ಕೈಗುಣ ನೋಡಲು ಬಂದವರು. ಕಲ್ಲು ಮಣಿಯಲಿಲ್ಲ. ಆ ಗೇಣು ಅಳತೆಯಲ್ಲೇ ಬಂದಿರಲಿಲ್ಲವಲ್ಲ, ಮಣಿಯುವುದು ಹೇಗೆ. ಅಕ್ಕ, ಗೆರಿ ತಪ್ಪೈತೇನ ನೋಡು ಎಂದು ಅವಳು ಎಲ್ಲರೆದುರು ನನ್ನನ್ನೇ ಕೇಳಿದಳು. ಅತ್ತೆ ಅಲ್ಲಿಯೇ ಇದ್ದಳು, ಮೊಣಕೈಯನ್ನು ಸೆರಗಿನೊಳಗೆ ಇಟ್ಟುಕೊಂಡು. ಗೆರೆ ತಪ್ಪಿದ್ದರೆ ಎರಡೂ ಮಾರು ರದ್ದಾಗಿ ಹೊಸದಾಗಿ ಅಳೆಯಬೇಕಿತ್ತು. ಆ ಹೊತ್ತಿಗೆ ನನ್ನ ಪಾಲಿನಲ್ಲಿ ಅಂಗೈಯಗಲದ ಒಂದು ಸುರುಳಿ ಬೆರಳಿಗೆ ತಡೆದಿತ್ತು. ನಾನು, ಗೆರಿ ಸರಿ ಐತಿ, ನಿನ್ನ ಕೈನ ಗಟ್ಟಿ ಇರಬೇಕು ಎಂದೆ. ಮಂದಿ ನಕ್ಕರು. ಅವತ್ತಿನಿಂದ ಅವಳು ಗಟ್ಟಿಗೈ ಬಾಳವ್ವ ಆದಳು.

ನಮ್ಮೂರಿನಲ್ಲಿ ಗಟ್ಟಿಗೈ ಎನ್ನಿಸಿಕೊಳ್ಳುವುದು ಸಣ್ಣ ಮಾತಲ್ಲ. ಮದುವೆಯ ಮನೆಯಲ್ಲಿ ಹಿಟ್ಟು ನಾದಲು ಕರೆಯುವುದಿಲ್ಲ. ಬಿತ್ತುವ ದಿನ ಮೊದಲ ಹಿಡಿ ಬೀಜ ಕೈಗೆ ಕೊಡುವುದಿಲ್ಲ. ಎಳೆಗೂಸಿಗೆ ಎಣ್ಣೆ ಹಚ್ಚಲು ಬಿಡುವುದಿಲ್ಲ. ನನ್ನ ಮಗಳನ್ನು ಹೆತ್ತಾಗ ನಾನೂ ಬಿಡಲಿಲ್ಲ, ಬಿಟ್ಟಿದ್ದರೆ ಮಂದಿ ಯಾಕೆ ಎಂದು ಕೇಳುತ್ತಿದ್ದರು. ಬಾಳವ್ವ ನನ್ನೊಂದಿಗೆ ಮಾತು ಬಿಟ್ಟಳು. ಆಮೇಲೆ ಅತ್ತೆ ತೀರಿಕೊಂಡಳು, ಮನೆ ಎರಡಾಯಿತು. ಗಂಡಂದಿರು ಮಾತ್ರ ಇವತ್ತಿಗೂ ಕೂಡಿಯೇ ಉಳುತ್ತಾರೆ, ಒಂದೇ ಬೀಡಿ ಇಬ್ಬರೂ ಸೇದುತ್ತಾರೆ. ಹೀಗೆ ಹತ್ತೊಂಬತ್ತು ವರ್ಷ. ಬಾಳವ್ವ ದಿನಾ ಮೆದುಹೊತ್ತಿಗೆ ಬಂದು ತನ್ನ ಪರದೆಯೊಳಗೆ ಸೇರುತ್ತಿದ್ದಳು, ಹೊತ್ತು ಮುಗಿದ ಮೇಲೆ ಬರಿಗೈಯಲ್ಲಿ ಹೋಗುತ್ತಿದ್ದಳು. ಅವಳ ಕಟ್ಟೆಯ ಮೇಲೆ ನಾಲ್ಕು ಚಿಪ್ಪುಗಳಿಗಿಂತ ಹೆಚ್ಚು ನಾವು ಕಂಡಿರಲಿಲ್ಲ.

ಏಳು ವರ್ಷದ ಹಿಂದೆ ನನಗೆ ಒಂದು ಮೀನಿನ ಬಾಲ ಸಿಕ್ಕಿತು. ದಿನಕ್ಕೊಂದು ತಾಸು, ಅದರಲ್ಲಿ ಜ್ವರ, ಸುಗ್ಗಿ, ಬಾಣಂತನ ಎಂದು ಹೋದ ದಿನಗಳು ಬೇರೆ. ಬಾಲದಿಂದ ಬೆನ್ನಿಗೆ, ಬೆನ್ನಿನಿಂದ ಹೊಟ್ಟೆಗೆ ಬಿಡಿಸುತ್ತ ಬಂದೆ. ಒಂದೊಂದು ಮುಳ್ಳೂ ಬಾಚಣಿಗೆಯ ಹಲ್ಲಿನಷ್ಟು ತೆಳ್ಳಗೆ. ಒಂದು ಮೊಳ ಬಿಡಿಸಿದ ಮೇಲೆ ಕಿವಿರು ಸಿಕ್ಕಿತು, ಅಲ್ಲಿಗೆ ಸುಣ್ಣದ ಗೆರೆಯೂ ಬಂತು. ತಲೆ ಗೆರೆಯ ಆಚೆ, ಆ ಗೇಣಿನೊಳಗೆ. ಮಂದಿಯ ಲೆಕ್ಕದಲ್ಲಿ ಅದು ಬಾಳವ್ವನ ಪಾಲು. ನನ್ನ ಲೆಕ್ಕದಲ್ಲಿ ಯಾರದ್ದೂ ಅಲ್ಲ. ಎರಡು ವರ್ಷ ನಾನು ಬಿಡಿಸಿದ್ದನ್ನೇ ಮತ್ತೆ ಮತ್ತೆ ಬ್ರಷ್ಷಿನಿಂದ ತಿಕ್ಕುತ್ತ ಕುಳಿತೆ.

ಆಮೇಲೆ ಗೋಡೆಯ ಮೇಲಿನ ಸಾಲಿನಿಂದ ಒಂದು ಹಾಸು ಜಾರಿ ಲಾರಿಯೊಂದರ ಮುಂದಿನ ಗಾಜಿನ ಮೇಲೆ ಬಿತ್ತು. ಯಾರಿಗೂ ಪೆಟ್ಟಾಗಲಿಲ್ಲ. ಆದರೆ ತಿಂಗಳೊಳಗೆ ಕಬ್ಬಿಣದ ಜಾಳಿಗೆಯ ಸುರುಳಿಗಳೂ ಸಿಮೆಂಟು ಚಿಮ್ಮಿಸುವ ಯಂತ್ರವೂ ಬಂದು ಹಳ್ಳದ ಸೇತುವೆಯ ಬಳಿ ನಿಂತವು. ಕೆಲಸದ ಮುಕಾದಮ ಖಾಜಾಸಾಬ ಎಂಬ ಸಾಧು ಮನುಷ್ಯ. ಮಂದಿ ಕೂಡಿ ಹೋಗಿ ಕೇಳಿದಾಗ, ನಾನು ಹೇಳಿದ ಕೆಲಸ ಮಾಡುವವ, ಮೇಲೆ ಹೋಗಿ ಕೇಳಿರಿ ಎಂದ. ಮೇಲೆ ಹೋದವರು ಎರಡು ದಿನ ಬಾಗಿಲು ಕಾದು ವಾಪಸು ಬಂದರು. ಖಾಜಾಸಾಬ ಇಷ್ಟು ಮಾತ್ರ ಮಾಡಿದ: ಯಾವ ದಿನ ಯಾರ ಮಾರು ಮುಚ್ಚುತ್ತದೆ ಎಂದು ಮನೆಮನೆಗೆ ಬಂದು ಹೇಳಿಹೋದ. ಸೋಮವಾರ ಶುರು. ನಮ್ಮದು ಗುರುವಾರ ಬೆಳಿಗ್ಗೆ. ಆ ವಾರ ಮೆದುಹೊತ್ತು ಸೋಮವಾರ ಹನ್ನೆರಡೂವರೆಗೆ, ಮಂಗಳವಾರ ಒಂದೂಕಾಲಿಗೆ, ಬುಧವಾರ ಎರಡಕ್ಕೆ ಬೀಳುತ್ತಿತ್ತು. ಮೂರು ತಾಸು ನನ್ನ ಕೈಯಲ್ಲಿ.

ಸೋಮವಾರ ಹೊತ್ತು ಮುಗಿದು ಎಲ್ಲರೂ ಹೋಗುವ ತನಕ ಕಾದೆ. ಸೆರಗಿನಲ್ಲಿ ಗಂಡನ ಉಳಿ ಸುತ್ತಿಗೆ ಕಟ್ಟಿಕೊಂಡು ಬಂದಿದ್ದೆ. ಬಾಳವ್ವನ ಪರದೆಯ ಅಂಚನ್ನು ಉಳಿ ಹಿಡಿಯುವಷ್ಟೇ ಸರಿಸಿ, ಗೇಣಿನ ನಡುವೆ ಉಳಿ ಇಟ್ಟು ಒಂದೇ ಪೆಟ್ಟು ಹಾಕಿದೆ. ಕೂದಲೆಳೆಯಂಥ ಒಂದು ಬಿರುಕು ಓಡಿಬಂದು ಗೆರೆ ದಾಟಿ ನನ್ನ ಮೀನಿನ ಕಿವಿರಿಗೆ ಎರಡು ಬೆರಳು ದೂರದಲ್ಲಿ ನಿಂತಿತು. ಇನ್ನೊಂದು ಪೆಟ್ಟಿಗೆ ಮೀನು ಚೂರಾಗುತ್ತಿತ್ತು. ನಾನು ಉಳಿಯನ್ನು ಸೆರಗಿಗೆ ಕಟ್ಟಿಕೊಂಡು ಅಲ್ಲಿಯೇ ಕುಕ್ಕರಗಾಲಿನಲ್ಲಿ ಕುಳಿತೆ. ಸೇತುವೆಯ ಕಡೆಯಿಂದ ಯಂತ್ರದ ಸದ್ದು ಬರುತ್ತಿತ್ತು. ದಾರಿ ಒಂದೇ ಇತ್ತು, ಅದು ಬಾಳವ್ವನ ಮನೆಯ ಕಡೆಗೆ ಹೋಗುವ ದಾರಿ. ಅವತ್ತು ನಾನು ಆ ದಾರಿ ಹಿಡಿಯಲಿಲ್ಲ.

ಮಂಗಳವಾರದ ತಾಸು ಸುಮ್ಮನೆ ಹೋಯಿತು. ಅದು ಮುಗಿದ ಮೇಲೆ ಅವಳ ಮನೆಗೆ ಹೋದೆ. ಬಾಳವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ನನ್ನನ್ನು ನೋಡಿ ಬಡಿಯುವುದನ್ನು ನಿಲ್ಲಿಸಲಿಲ್ಲ, ಕುಳಿತುಕೋ ಎನ್ನಲೂ ಇಲ್ಲ. ನಾನು ಬಾಗಿಲಲ್ಲೇ ನಿಂತು ಮೀನಿನ ಸುದ್ದಿ ಹೇಳಿದೆ, ತಲೆ ಎಲ್ಲಿದೆ ಎಂದು ಹೇಳಿದೆ, ಗುರುವಾರದ ಸುದ್ದಿಯನ್ನಂತೂ ಅವಳೂ ಬಲ್ಲಳು. ಒಂದು ರೊಟ್ಟಿ ಬೆಂದಿತು, ಇನ್ನೊಂದು ಬೆಂದಿತು. ಮೂರನೆಯದು ಹೆಂಚಿಗೆ ಬಿತ್ತು. ಆ ಗೇಣು ನಿನ್ನದೂ ಅಲ್ಲ ಬಾಳವ್ವ, ನನ್ನದೂ ಅಲ್ಲ, ಅತ್ತೆಯ ಕೈ ಅಲ್ಲಿಗೆ ಮುಟ್ಟೇ ಇರಲಿಲ್ಲ ಎಂದೆ.

ಅವಳು ಹೆಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದಳು.

"ನಂಗ ಗೊತ್ತೈತಿ," ಎಂದಳು. "ಹುರಿ ಹಿಡದು ಏಸ ಸಲ ಅಳದೀನಿ. ನಂಗ ಗೊತ್ತಿದ್ರ ಏನಾತು, ಗೋಡಿಗೆ ಗೊತ್ತಾಗಬೇಕಲ್ಲ."

"ಮಾನಪ್ಪನ ಮುಂದ ಹೇಳತೀನಿ. ಈಗ ಹೋಗೂಣು ಬಾ."

"ಮಾನಪ್ಪ ಒಬ್ಬನ ನಕ್ಕಿದ್ನೇನು? ನಾಳೆ ಮೆದುಹೊತ್ತಿಗೆ ಹೇಳು. ಎಲ್ಲಾರೂ ಇರತಾರ."

ಮೆದುಹೊತ್ತಿನಲ್ಲಿ ಹೇಳುತ್ತ ನಿಂತರೆ ಕೈಯಲ್ಲಿರುವ ಒಂದೇ ತಾಸು ಮಾತಿಗೇ ಹೋಗುತ್ತದೆ ಎಂದೆ. ಹೋಗಲಿ ಎಂದಳು. ಮುಂದಿನ ಹಿಟ್ಟಿನ ಉಂಡೆ ಕೈಗೆ ತೆಗೆದುಕೊಂಡಳು. ಅವಳ ರೊಟ್ಟಿ ಎಷ್ಟು ತೆಳ್ಳಗಿದ್ದವೆಂದರೆ ಬುಟ್ಟಿಯ ಹೆಣಿಗೆ ಅವುಗಳ ಮೂಲಕ ಕಾಣುತ್ತಿತ್ತು. ಅಂಥ ಕೈಯನ್ನು ಹತ್ತೊಂಬತ್ತು ವರ್ಷ ಒಂದು ಮದುವೆಗೂ ಯಾರೂ ಕರೆದಿರಲಿಲ್ಲ.

ಬುಧವಾರ ಊರೆಲ್ಲ ಗೋಡೆಯ ಬುಡದಲ್ಲಿ ಇತ್ತು. ಮುಚ್ಚಿಹೋದ ಮಾರುಗಳವರು ಕೂಡ ಬಂದು ರಸ್ತೆಯಂಚಿಗೆ ಕುಳಿತಿದ್ದರು, ಬೀಗರ ಮನೆಗೆ ಕರೆಯದೆ ಬಂದವರ ಹಾಗೆ. ಸಿಮೆಂಟು ನಮ್ಮಿಂದ ಇಪ್ಪತ್ತು ಮಾರು ದೂರಕ್ಕೆ ಬಂದಿತ್ತು. ಎರಡು ಗಂಟೆಯಾಯಿತು. ಮೊದಲು ಕಲ್ಲಿನ ಬಣ್ಣ ತುಸು ಗಾಢವಾಗುತ್ತದೆ, ಆಮೇಲೆ ಒದ್ದೆ ಮಣ್ಣಿನ ವಾಸನೆ ಬರುತ್ತದೆ. ಎಲ್ಲರೂ ಪರದೆಯೊಳಗೆ ನುಗ್ಗುವ ಹೊತ್ತಿಗೆ ನಾನು ರಸ್ತೆಯ ನಡುವೆ ನಿಂತು ಮಾನಪ್ಪನನ್ನು ಕೂಗಿದೆ. ಮಾತು ಐತಿ, ಎಲ್ಲಾರೂ ಕೇಳಬೇಕು ಎಂದೆ. ಮೆದುಹೊತ್ತಿನಲ್ಲಿ ಯಾರೂ ಯಾರನ್ನೂ ಕರೆಯುವುದಿಲ್ಲ. ಯಾರದೋ ಹೆಣ ಬಿದ್ದಿದೆ ಎಂದುಕೊಂಡು ಒಬ್ಬೊಬ್ಬರೇ ತಲೆ ಹೊರಗೆ ಹಾಕಿದರು.

"ಅತ್ತಿ ಕೈ ಡೊಂಕಿತ್ತು," ಎಂದೆ. "ಆಕಿ ಅಳದಾಗ ನಡುವ ಒಂದು ಗೇಣು ಉಳೀತು. ಸುಣ್ಣಾ ಹಿಡದಾಕಿ ನಾನ. ನಾ ಕಣ್ಣಾರೆ ನೋಡೀನಿ. ನೋಡಿನೂ ಬಾಳವ್ವನ ಗೆರಿ ಎಳೀಲಿಲ್ಲ. ಆಕಿ ಕೇಳಿದಾಗ ನಿನ್ನ ಕೈನ ಗಟ್ಟಿ ಅಂದೆ. ಆಕಿ ಕೈ ಗಟ್ಟಿ ಅಲ್ಲ. ಅದು ನಾ ಹೇಳಿದ ಸುಳ್ಳು."

ನನ್ನ ಗಂಡ ಗುಂಪಿನ ಹಿಂದೆ ಇದ್ದ, ಕೈಯಲ್ಲಿದ್ದ ಬೀಡಿಯನ್ನು ತಮ್ಮನಿಗೆ ಕೊಡಲು ಚಾಚಿದವನು ಹಾಗೆಯೇ ನಿಂತ. ಒಬ್ಬ ಮುದುಕಿ, ಬಾಳವ್ವನ ಸ್ವಂತ ಅಕ್ಕನ ಮಗಳ ಮದುವೆಯಲ್ಲಿ ಅವಳನ್ನು ಅಡುಗೆಯ ಹಂದರದಿಂದ ಹೊರಗೆ ಕೂರಿಸಿದವಳು, ನೆಲ ನೋಡುತ್ತ ತನ್ನ ಪರದೆ ಸರಿಪಡಿಸತೊಡಗಿದಳು. ಏನೇನೋ ಕೇಳುತ್ತಾರೆ, ಉಗುಳುತ್ತಾರೆ ಎಂದು ನಾನು ರಾತ್ರಿಯೆಲ್ಲ ಉತ್ತರ ಹೊಂದಿಸಿಕೊಂಡು ಬಂದಿದ್ದೆ. ಒಂದೂ ಬೇಕಾಗಲಿಲ್ಲ. ಬಾಳವ್ವ ನನ್ನ ಮುಖ ನೋಡಲಿಲ್ಲ. ಅವಳು ನೋಡುತ್ತಿದ್ದದ್ದು ಮಂದಿಯನ್ನು, ಒಬ್ಬೊಬ್ಬರನ್ನೇ, ಎಡದಿಂದ ಬಲಕ್ಕೆ, ಹೊಲದಲ್ಲಿ ಸಾಲು ನೋಡಿದ ಹಾಗೆ. ಎಲ್ಲರನ್ನೂ ನೋಡಿ ಮುಗಿಸಿದ ಮೇಲೆ ಮಾನಪ್ಪನಿಗೆ, ಹೊತ್ತು ಹೊಂಟೈತಿ ಮಾವ, ನ್ಯಾಯ ಹೇಳು ಎಂದಳು.

ಮಾನಪ್ಪನಿಗೆ ಇಂಥ ನ್ಯಾಯ ಹಿಂದೆ ಬಂದಿರಲಿಲ್ಲ. ಅಳೆದು ಕೊಡಬೇಕಾದವಳು ಸತ್ತು ಹೋಗಿದ್ದಾಳೆ, ಬೇರೆಯವರ ಕೈಯಿಂದ ಅಳೆದರೆ ಗೋಡೆ ಅವರದಾಗುತ್ತದೆ. ಅವನು ತನ್ನ ಎರಡು ಚಪ್ಪಟೆ ಬೆರಳುಗಳನ್ನು ಉಜ್ಜಿಕೊಳ್ಳುತ್ತ ನಿಂತ. ಕಡೆಗೆ, ನೀವಿಬ್ರೂ ಕೂಡೇ ಚಾಚ್ರಿ ಎಂದ. ಆಗುತ್ತದೋ ಇಲ್ಲವೋ ನನಗೂ ಗೊತ್ತಿಲ್ಲ ಎಂದೂ ಸೇರಿಸಿದ.

ಪರದೆಗಳನ್ನು ಕಿತ್ತು ಹಾಕಿದೆವು. ನನ್ನ ಎಡಗೈ ಎಡತುದಿಗೆ ಇಟ್ಟು ಎದೆ ಒತ್ತಿ ನಿಂತೆ. ಅವಳು ಬಲಗೈಯನ್ನು ಬಲತುದಿಗೆ ಇಟ್ಟು ನಿಂತಳು. ನಡುವೆ ನನ್ನ ಬಲಗೈ ಅವಳ ಎಡಗೈಯ ಕಡೆಗೆ ಹೋಗಬೇಕು. ನಾನು ಗಿಡ್ಡಿ. ಬೆರಳು ಎಷ್ಟು ಚಾಚಿದರೂ ಸಾಲಲಿಲ್ಲ. ಭುಜದ ಕೀಲು ಕಳಚುವಷ್ಟು ಎಳೆದೆ. ಅವಳು ಉದ್ದ ಕೈಯವಳು, ಕೊರತೆಯನ್ನು ಅವಳ ಕೈ ತುಂಬಿತು. ಅವಳ ನಡುಬೆರಳಿನ ಉಗುರು ನನ್ನ ಉಗುರಿಗೆ ತಾಗಿತು. ಮಾನಪ್ಪ ಸುಣ್ಣ ಹಚ್ಚಲಿಲ್ಲ, ಹಚ್ಚುವುದಕ್ಕೆ ನಡುವೆ ಜಾಗ ಇರಲಿಲ್ಲ. ಕೆನ್ನೆಯ ಕೆಳಗೆ ಕಲ್ಲು ಸಡಿಲವಾದದ್ದು ನನಗೆ ಗೊತ್ತಾಯಿತು. ಕೈ ಇಳಿಸಿ ಗೇಣಿನೊಳಗೆ ಹೆಬ್ಬೆರಳು ಒತ್ತಿದೆ. ಒಳಗೆ ಇಳಿಯಿತು.

ಆಗಲೇ ನಾನು ಬಾಳವ್ವನ ಪಾಲಿನ ಕಡೆ ಕಣ್ಣು ಹೊರಳಿಸಿದ್ದು. ಅಲ್ಲಿಯೂ ಒಂದು ಮೀನಿತ್ತು. ನನ್ನದಕ್ಕಿಂತ ಅರ್ಧ ಮೊಳ ಉದ್ದ, ಬೆನ್ನು ದಪ್ಪ, ಒಂದೊಂದು ಹುರುಪೆಯೂ ಉಗುರಿನ ಹಾಗೆ ಬಿಡಿಬಿಡಿಯಾಗಿ ಎದ್ದಿತ್ತು. ಅಷ್ಟು ಚೊಕ್ಕ ಕೆಲಸ ನಾನು ಈ ಗೋಡೆಯಲ್ಲಿ ಕಂಡಿರಲಿಲ್ಲ. ಅದರ ತಲೆಯೂ ಗೇಣಿನೊಳಗೇ ಹೋಗಿತ್ತು. ಯಾವಾಗ ಇಲ್ಲಿಗೆ ಬಂದು ನಿಂತಿದ್ದೀ ಎಂದು ಅವಳನ್ನು ಕೇಳಿದೆ. ನಾಲ್ಕು ವರ್ಷ ಆಯಿತು ಎಂದಳು. ನಾಲ್ಕು ವರ್ಷ ಅವಳೂ ದಿನಾ ಬಂದು ಬ್ರಷ್ಷಿನಿಂದ ತಿಕ್ಕಿ ಹೋಗಿದ್ದಳು, ಯಾರಿಗೂ ಹೇಳಿರಲಿಲ್ಲ. ಗಟ್ಟಿಗೈಯವಳ ಮಾತು ಕೇಳುವವರಾದರೂ ಯಾರಿದ್ದರು.

ಉಳಿದದ್ದು ಅರ್ಧ ತಾಸು. ನಾನು ಎಡದಿಂದ, ಅವಳು ಬಲದಿಂದ ಬಿಡಿಸುತ್ತ ಹೋದೆವು. ಸಿಬಿರು ಬಿಟ್ಟು ಬೆರಳಿನಿಂದಲೇ ತೋಡಿದೆವು. ನನ್ನ ಮೀನಿನ ಕಿವಿರಿನ ಮುಂದೆ ಕಣ್ಣಿನ ಗುಳಿ ಸಿಗಬೇಕು, ಸಿಗಲಿಲ್ಲ. ಕಿವಿರಿನ ಮೇಲೆಯೇ ಹಲ್ಲು ಬಂದವು, ಸಣ್ಣ, ಒಳಕ್ಕೆ ಬಾಗಿದ ಹಲ್ಲಿನ ಸಾಲು. ಅವು ನನ್ನ ಮೀನಿನವಲ್ಲ. ಬಾಳವ್ವ ಅವಳ ಕಡೆಯಿಂದ ದವಡೆಯ ಗುಂಟ ಬಿಡಿಸಿಕೊಂಡು ಬಂದಳು, ಅವಳ ಬೆರಳೂ ಅದೇ ಹಲ್ಲಿಗೆ ಬಂದು ನಿಂತಿತು. ನನ್ನ ಮೀನಿನ ತಲೆ ಅವಳ ಮೀನಿನ ಬಾಯಲ್ಲಿ ಇತ್ತು. ಅವಳದು ನುಂಗಲು ಹೋಗಿತ್ತು, ನನ್ನದು ಗಂಟಲಿಗೆ ಅಡ್ಡ ಸಿಕ್ಕಿ ಎರಡೂ ಹಾಗೆಯೇ ಸತ್ತಿದ್ದವು.

ಹಿಂದೆ ಯಾರೋ, ಕಾಶವ್ವಾ, ನಿನ್ನದನ್ನ ಆಕಿದು ನುಂಗಾಕತ್ತೈತಲ್ಲ ಎಂದರು. ಒಬ್ಬರು ನಕ್ಕರು, ಆಮೇಲೆ ಎಲ್ಲರೂ ನಕ್ಕರು. ನನಗೂ ನಗು ಬಂತು. ಬಾಳವ್ವ ಮಾತ್ರ ನಗದೆ, ನುಂಗಿ ಏನ ಉಂಡೈತಿ ಪಾಪ, ಮೊದಲ ಹುರಿ ತಗೊಂಬರ್ರಿ ಎಂದಳು.

ಎರಡೂ ಮೀನಿದ್ದ ಹಾಸನ್ನು ಗೋಡೆಯಿಂದ ಬಿಡಿಸಲು ಹಿಂದಿನಿಂದ ಹುರಿ ಹಾಯಿಸಿ ಕೊಯ್ಯಬೇಕು, ಸಾಬೂನು ಕೊಯ್ದ ಹಾಗೆ. ಒಂದು ತುದಿ ಅವಳು ಹಿಡಿದಳು, ಒಂದು ತುದಿ ನಾನು. ಅವಳು ಎಳೆದಾಗ ನಾನು ಬಿಡಬೇಕು, ನಾನು ಎಳೆದಾಗ ಅವಳು ಬಿಡಬೇಕು. ನನ್ನ ಬಾಲದ ಆಚೆಯಿಂದ ಶುರು ಮಾಡಿ ಅವಳ ಬಾಲದವರೆಗೆ ಎಳೆದೆವು. ಗಂಡಂದಿರು ಅಡುಗೆಮನೆಯ ಬಾಗಿಲ ಹಲಗೆಯನ್ನೇ ಕಿತ್ತು ತಂದು ಕೆಳಗೆ ಹಿಡಿದರು. ಕಲ್ಲಿನ ಬಣ್ಣ ತಿಳಿಯಾಗುತ್ತ ಬಂತು. ಕೈ ತಗೀರಿ, ಕೈ ತಗೀರಿ ಎಂದು ಮಾನಪ್ಪ ಎರಡು ಸಲ ಹೇಳಿದ. ಬಾಳವ್ವನ ಬಲಗೈ ಮಣಿಕಟ್ಟಿನವರೆಗೆ ಹಾಸಿನ ಹಿಂದೆ ಇತ್ತು, ದವಡೆಯ ಅಡಿಯಲ್ಲಿ ಒಂದು ಮುಳ್ಳು ಇನ್ನೂ ಗೋಡೆಯನ್ನು ಬಿಟ್ಟಿರಲಿಲ್ಲ. ಅವಳು ಕೈ ತೆಗೆಯಲಿಲ್ಲ. ತುಟಿ ಕಚ್ಚಿಕೊಂಡು ಒಳಗೇ ಬೆರಳು ಆಡಿಸಿದಳು. ಟಪ್ ಎಂದಿತು. ಹಾಸು ಹಲಗೆಯ ಮೇಲೆ ಕುಳಿತಿತು, ಗಂಡಂದಿರು ಹಲಗೆಯನ್ನು ಮೆಲ್ಲಗೆ ನೆಲಕ್ಕೆ ಇಳಿಸಿದರು. ಅವಳ ಕೈ ಬಂದಾಗ ಮೂರು ಬೆರಳಿನ ಚರ್ಮ ಗೋಡೆಯಲ್ಲೇ ಉಳಿದಿತ್ತು.

ಹೊರಗೆ ಬಂದ ಹಾಸು ಕಲ್ಲಾಗಲು ಇನ್ನೂ ಸ್ವಲ್ಪ ಹೊತ್ತು ಹಿಡಿಯುತ್ತದೆ. ಮಾನಪ್ಪ ಹುರಿ ಹಿಡಿದು ಬಗ್ಗಿ ನೋಡಿದ.

"ಇನ್ನೂ ಒಂದು ಎಳತ ಎಳ್ಯಾಕ ಬರತೈತಿ," ಎಂದ. "ಹಲ್ಲಿನ ಗುಂಟ ಹುರಿ ಹಾಕಿದ್ರ ಎರಡು ಆಗತಾವ. ಯಾರದು ಅವರಿಗೆ. ಹೇಳ್ರಿ."

ನಾನು ನೋಡಿದೆ. ಹಲ್ಲಿನ ಗುಂಟ ಕೊಯ್ದರೆ ನನ್ನ ಮೀನು ನನ್ನ ಮನೆಗೆ ಬರುತ್ತದೆ, ತಲೆಯಿಲ್ಲದೆ. ಏಳು ವರ್ಷ ನಾನು ಎಳೆದದ್ದು ತಲೆಯಿಲ್ಲದ ಕರುವಿಗಲ್ಲ. ಪೂರಾ ಹೊರಗೆ ಬರಬೇಕಿತ್ತು, ಪೂರಾ ಬಂದಿದೆ. ಯಾರ ಕಟ್ಟೆಯ ಮೇಲೆ ಕೂರುತ್ತದೆ ಎಂಬುದು ಬೇರೆ ಮಾತು.

"ಹುರಿ ಹಾಕಬ್ಯಾಡ ಮಾವ," ಎಂದೆ. "ಆಕಿ ಬಾಯಾಗ ಐತಿ. ಆಕಿ ಮನಿಗೇ ಹೋಗಲಿ."

ಬಾಳವ್ವ ರಕ್ತದ ಬೆರಳಿಗೆ ಸೆರಗು ಸುತ್ತಿಕೊಳ್ಳುತ್ತಿದ್ದಳು. ಸುತ್ತಿ ಗಂಟು ಹಾಕಿ ಹಲಗೆಯ ಒಂದು ತುದಿಗೆ ಹೋಗಿ ಕುಳಿತು ಕೈ ಕೊಟ್ಟಳು. ಗಂಡಂದಿರು ಮತ್ತೆ ಎತ್ತಲು ಬಂದಾಗ, ಹಾಸು ಇನ್ನೂ ಹಸಿ ಐತಿ, ಬ್ಯಾರೇದವರು ಹಿಡದ್ರ ಒಡದೀತು, ದೂರ ಸರೀರಿ ಎಂದಳು. ಆಮೇಲೆ ನನ್ನ ಕಡೆ ನೋಡಿದಳು.

"ಒಬ್ಬಾಕಿ ಹೊರಾಕ ಆಗಂಗಿಲ್ಲ ಅಕ್ಕ. ಆ ಕಡೆ ಹಿಡಿ."

ಎತ್ತಿದೆವು. ನಾನು ತಿಳಿದದ್ದಕ್ಕಿಂತ ಭಾರ ಇತ್ತು. ಹಲಗೆ ಓರೆಯಾದರೆ ಹಲ್ಲಿನ ಹತ್ತಿರ ಹಾಸು ಬಿರಿಯುತ್ತದೆ, ಎತ್ತಿದ ಮೇಲೆ ದಾರಿಯ ನಡುವೆ ಕೆಳಗೆ ಇಡುವ ಹಾಗೂ ಇಲ್ಲ. ಅವಳು ಎತ್ತರದವಳು, ಮಂಡಿ ಬಾಗಿಸಿ ಹಲಗೆ ತಗ್ಗಿಸಿದಳು. ನಾನು ನನ್ನ ತುದಿಯನ್ನು ಎದೆಯವರೆಗೆ ಎತ್ತಿದೆ. ಮಂದಿ ದಾರಿ ಬಿಟ್ಟರು. ಸೇತುವೆಯ ಕಡೆ ಖಾಜಾಸಾಬ ಯಂತ್ರ ನಿಲ್ಲಿಸಿ, ಪೈಪು ಹಿಡಿದವನನ್ನು ಬದಿಗೆ ಸರಿಸಿದ. ಅವಳು ಮುಂದೆ, ನಾನು ಹಿಂದೆ. ಅವಳ ಒಂದು ಹೆಜ್ಜೆಗೆ ನನ್ನದು ಒಂದೂವರೆ.

"ಸಾವಕಾಶ ನಡಿ," ಎಂದೆ. "ನಿನ್ನ ಕಾಲು ಉದ್ದ ಅದಾವು."

"ಹತ್ತೊಂಬತ್ತು ವರ್ಷ ಸಾವಕಾಶ ನಡದೀನಿ," ಎಂದಳು, ಹಿಂದೆ ತಿರುಗದೆ. "ಈಗ ನೀನ ಜರಾ ಜಗ್ಗು."

ನಾನು ಹೆಜ್ಜೆ ದೊಡ್ಡದು ಮಾಡಿದೆ.